ಯುರೋಪ್ ಪ್ರವಾಸ: ಊರು ಸೇರಿಸೋದು ಸುಲಭ, ಬಿಡೋದು ಹೇಗೆ?

ಯುಗಾದಿಗೆ ಅಕ್ಕನ ಮನೆಗೆ ಹೋಗಿದ್ದೆ. ಭಾವ ಊಟ ಮುಗಿಯುವುದನ್ನೇ ಕಾಯುತ್ತಿದ್ದರು. ಎಲೆ ಎತ್ತಿದ ಕೂಡಲೇ ಒಂದು ಹಾಳೆ ತಂದು ಮುಂದಿಟ್ಟರು. ಲಂಡನ್, ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಪ್ರಾಗ್, ವಿಯೆನ್ನಾ, ಜ್ಯೂರಿಕ್, ವೆನಿಸ್, ಫ್ಲಾರೆನ್ಸ್, ರೋಮ್, ಬಾರ್ಸಿಲೋನಾ. ಹನ್ನೊಂದು ಊರು. ಸೆಪ್ಟೆಂಬರ್‌ನಲ್ಲಿ ಎರಡು ವಾರ ರಜೆ. "ಹೇಗೂ ಅಷ್ಟು ದೂರ ಹೋಗ್ತೀವಲ್ಲ, ಎಲ್ಲಾ ನೋಡ್ಕೊಂಡು ಬಂದ್ಬಿಡೋಣ ಅಂತ," ಅಂದರು.

ಈ 'ಹೇಗೂ ಅಷ್ಟು ದೂರ' ಅನ್ನುವ ಮಾತೇ ಪ್ರವಾಸ ಕೆಡಿಸುವುದು. ಯಾರಾದರೂ ಪರದೇಶದಿಂದ ಬಂದು ಐದು ದಿನದಲ್ಲಿ ಬೀದರ್, ಹಂಪಿ, ಉಡುಪಿ, ಮಡಿಕೇರಿ, ಬಂಡೀಪುರ ಎಲ್ಲ ಮುಗಿಸುತ್ತೇನೆ ಅಂದರೆ ನಾವು ನಗುತ್ತೇವೆ, ಅಲ್ವಾ? ಯುರೋಪಿನ ವಿಷಯಕ್ಕೆ ಬಂದಾಗ ಮಾತ್ರ ನಾವೂ ಅದನ್ನೇ ಮಾಡುತ್ತೇವೆ.

ಆ ಮಧ್ಯಾಹ್ನ ಮೂವರೂ ಕೂತು ಹನ್ನೊಂದನ್ನು ಐದಕ್ಕೆ ಇಳಿಸಿದೆವು. ಹೇಗೆ ಅನ್ನುವುದನ್ನು ಅದೇ ಕ್ರಮದಲ್ಲಿ ಹೇಳುತ್ತೇನೆ. ನಿಮ್ಮ ಪಟ್ಟಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಒಂದು ಪೆನ್ಸಿಲ್ ಸಾಕು.

ಮೊದಲು ರಾತ್ರಿ ಎಣಿಸಿ

ದಿನದ ಲೆಕ್ಕ ಮೋಸ ಮಾಡುತ್ತದೆ. ಹತ್ತು ದಿನ ರಜೆ ಹಾಕಿದರೆ ಹಿಂದೆ, ಮುಂದೆ, ನಡುವಿನ ಶನಿವಾರ ಭಾನುವಾರ ಸೇರಿ 16 ದಿನ ಆಗುತ್ತದೆ. ಆದರೆ ಅಲ್ಲಿ ಮಲಗುವುದು ಎಷ್ಟು ರಾತ್ರಿ? ಶನಿವಾರ ನಸುಕಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ಅದೇ ದಿನ ಅಲ್ಲಿ ಇಳಿಯಬಹುದು. ಮೂರನೇ ಶನಿವಾರ ಅಲ್ಲಿಂದ ಹೊರಟರೆ ಭಾನುವಾರ ಮನೆ. ಅಲ್ಲಿಗೆ 14 ರಾತ್ರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ನಮ್ಮ ಕೈಯಲ್ಲಿ ಇರುವುದು 14 ಹಾಸಿಗೆ.

ಈಗ ಇನ್ನೊಂದು ಲೆಕ್ಕ. ಊರು ಬದಲಿಸಿದಾಗಲೆಲ್ಲ ಅರ್ಧ ದಿನ ಹೋಗುತ್ತದೆ. ರೈಲು ಎರಡೇ ಗಂಟೆಯದಾದರೂ ಹೋಗುತ್ತದೆ. ಇದು ನನಗೆ ಬುದ್ಧಿ ಬಂದಿದ್ದು ವೆನಿಸ್‌ನಲ್ಲಿ. ಸಾಂತಾ ಲುಚಿಯಾ ಸ್ಟೇಷನ್ ಮೆಟ್ಟಿಲು ಇಳಿದರೆ ಎದುರಿಗೇ ದೊಡ್ಡ ಕಾಲುವೆ. ನೋಡಿ ಕಣ್ಣು ತುಂಬಿತು. ಹೋಟೆಲ್ 'ಸ್ಟೇಷನ್ನಿಂದ ಹತ್ತು ನಿಮಿಷದ ನಡಿಗೆ' ಅಂತ ಬುಕ್ಕಿಂಗ್‌ನಲ್ಲಿ ಬರೆದಿತ್ತು. ನಿಜವೇ. ಆದರೆ ನಡುವೆ ನಾಲ್ಕು ಸೇತುವೆ ಇದ್ದವು, ಎಲ್ಲಕ್ಕೂ ಮೆಟ್ಟಿಲು. ಇಪ್ಪತ್ಮೂರು ಕೆಜಿ ಸೂಟ್‌ಕೇಸ್ ಹೊತ್ತು ಹತ್ತಿ, ಇಳಿದು, ಮತ್ತೆ ಹತ್ತಿ. ಮೂರನೇ ಸೇತುವೆಯ ಹತ್ತಿರ ಒಂದು ಚಕ್ರ ಕಿತ್ತು ಬಂತು. ಹೋಟೆಲ್ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ, ರೂಮು ಕೊಡುವುದು ಮೂರಕ್ಕೆ. ಹಿಂದಿನ ಊರಲ್ಲಿ ಹತ್ತು ಗಂಟೆಗೇ ರೂಮು ಬಿಡಿಸಿದ್ದರು. ಆ ಹೊತ್ತಿನಲ್ಲಿ ನಾನು ನೋಡಿದ್ದು ಏನು ಅಂದರೆ, ಹೋಟೆಲಿನ ಬಾಗಿಲು.

ಹಾಗಾಗಿ ಸೂತ್ರ ಇಷ್ಟೇ: ಎರಡು ರಾತ್ರಿ ತಂಗಿದರೆ ಒಂದು ಪೂರ್ತಿ ದಿನ ಸಿಗುತ್ತದೆ. ಮೂರು ರಾತ್ರಿಗೆ ಎರಡು ದಿನ. ಒಂದೇ ರಾತ್ರಿಗೆ ಸೊನ್ನೆ. ಹನ್ನೊಂದು ಊರೆಂದರೆ ಹತ್ತು ಸಲ ಗಂಟುಮೂಟೆ ಕಟ್ಟಬೇಕು, ಐದು ದಿನ ಅದಕ್ಕೇ ಹೋಯಿತು. ಭಾವ ಸುಮ್ಮನಾದರು.

ಚುಕ್ಕಿ ಇಟ್ಟಾಯಿತು, ಗೆರೆ ಎಳೆಯಿರಿ

ಭೂಪಟದ ಮೇಲೆ ಊರುಗಳನ್ನು ಗುರುತು ಮಾಡಿ. ಆಮೇಲೆ ನೇರ ರೈಲು ಇರುವ ಕಡೆ ಮಾತ್ರ ಗೆರೆ ಎಳೆಯಿರಿ. ನಾಲ್ಕು ಗಂಟೆಯೊಳಗಿನ ರೈಲಾದರೆ ದಪ್ಪ ಗೆರೆ. ಆಗ ಯುರೋಪ್ ತಾನಾಗಿಯೇ ಕೆಲವು ಸಾಲುಗಳಾಗಿ ಒಡೆಯುತ್ತದೆ. ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್ ಒಂದು ಸಾಲು. ಈ ತುದಿಯಿಂದ ಆ ತುದಿಗೆ ಸುಮಾರು ಮೂರೂವರೆ ಗಂಟೆ. ಬರ್ಲಿನ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಇನ್ನೊಂದು. ಪ್ಯಾರಿಸ್‌ನಿಂದ ಸ್ವಿಟ್ಜರ್ಲೆಂಡ್ ದಾಟಿ ಇಟಲಿಗೆ ಇಳಿಯುವುದು ಮತ್ತೊಂದು. ಸ್ಪೇನ್ ತನ್ನ ಪಾಡಿಗೆ ತಾನು ಒಂದು ಮೂಲೆಯಲ್ಲಿ ಇದೆ. ಅದರ ಪಕ್ಕದ ಪೋರ್ಚುಗಲ್ ಇನ್ನೂ ಕಷ್ಟ. ಮ್ಯಾಡ್ರಿಡ್‌ಗೂ ಲಿಸ್ಬನ್‌ಗೂ ನೇರ ರೈಲೇ ಇಲ್ಲ.

ಒಂದು ಪ್ರವಾಸಕ್ಕೆ ಒಂದೇ ಸಾಲು. ನಾನು ಇದರಲ್ಲಿ ಮಾತ್ರ ಸ್ವಲ್ಪ ಹಟಮಾರಿ.

"ವಿಮಾನ ಇದೆಯಲ್ಲ, ರೈಲಿಗಿಂತ ಅಗ್ಗ," ಅಂದರು ಭಾವ. ಎರಡು ಗಂಟೆಯ ವಿಮಾನಕ್ಕೆ ಮನೆಯಿಂದ ಮನೆಗೆ ಆರು ಗಂಟೆ ಬೇಕು. ಅಗ್ಗದ ವಿಮಾನಗಳು ಊರ ಹೊರಗೆ ಇಳಿಸುತ್ತವೆ. 'ಪ್ಯಾರಿಸ್ ಬೋವೆ' ಅನ್ನುವ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 80 ಕಿಲೋಮೀಟರ್ ದೂರ ಇದೆ. ಸೂಟ್‌ಕೇಸಿಗೆ ಬೇರೆ ದುಡ್ಡು. ರೈಲಾದರೆ ಊರ ನಡುವೆ ಹತ್ತಿ ಊರ ನಡುವೆ ಇಳಿಯುತ್ತೀರಿ.

ಚುಕ್ಕಿ ರಂಗೋಲಿಯಲ್ಲಿ ಗೆರೆ ಸುತ್ತಿ ಹೊರಟಲ್ಲಿಗೇ ಬಂದು ಸೇರಬೇಕು, ಅದೇ ಚೆಂದ. ಪ್ರವಾಸದಲ್ಲಿ ಹಾಗೆ ಮಾಡಬೇಡಿ. ಸಾಲಿನ ಒಂದು ತುದಿಯಲ್ಲಿ ಇಳಿದು ಇನ್ನೊಂದು ತುದಿಯಲ್ಲಿ ವಿಮಾನ ಹತ್ತಿ. ಟಿಕೆಟ್ ಹುಡುಕುವಾಗ 'ಮಲ್ಟಿ ಸಿಟಿ' ಅನ್ನುವ ಆಯ್ಕೆ ಇರುತ್ತದೆ. ಅದರಲ್ಲಿ ಬೆಂಗಳೂರು–ಪ್ಯಾರಿಸ್, ರೋಮ್–ಬೆಂಗಳೂರು ಅಂತ ಹಾಕಿ ನೋಡಿ. ಹೋಗಿಬರುವ ಟಿಕೆಟ್ಟಿಗೂ ಇದಕ್ಕೂ ಎಷ್ಟೋ ಸಲ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಬಿಡಿಬಿಡಿಯಾಗಿ ಎರಡು ಟಿಕೆಟ್ ತಗೊಂಡರೆ ಮಾತ್ರ ಜಾಸ್ತಿ ಬೀಳುವುದುಂಟು.

ಹೊಡೆದು ಹಾಕುವ ಕೆಲಸ

ಮೊದಲು ಹೋಗಿದ್ದು ಲಂಡನ್. ಅದಕ್ಕೆ ವೀಸಾನೇ ಬೇರೆ. ಷೆಂಗೆನ್ ವೀಸಾದಲ್ಲಿ 29 ದೇಶ ಸುತ್ತಬಹುದು, ಬ್ರಿಟನ್ ಅದರಲ್ಲಿ ಇಲ್ಲ. ಎರಡು ವೀಸಾ, ಎರಡು ಫೀಸು, ಪಾಸ್‌ಪೋರ್ಟ್ ಎರಡು ಕಡೆ ಕೊಟ್ಟು ಕಾಯುವುದು. ಥೇಮ್ಸ್ ದಡದ ಬಸವಣ್ಣನ ಪ್ರತಿಮೆ ನೋಡಬೇಕು ಅಂತ ಭಾವನಿಗೆ ಆಸೆ ಇತ್ತು. ಅದಕ್ಕೊಂದು ಲಂಡನ್ ಪ್ರವಾಸವನ್ನೇ ಮಾಡಿದರಾಯಿತು.

ನಾವು ಹಿಡಿದದ್ದು ಪ್ಯಾರಿಸ್, ಸ್ವಿಟ್ಜರ್ಲೆಂಡ್, ಇಟಲಿಯ ಸಾಲು. ಬಾರ್ಸಿಲೋನಾ ಅದರಲ್ಲಿ ಇಲ್ಲ, ತೆಗೆದೆವು. ಪ್ರಾಗ್, ವಿಯೆನ್ನಾ ಎರಡೂ ಒಳ್ಳೆಯ ಊರು, ಆದರೆ ಬೇರೆ ಸಾಲು. ಆಮ್‌ಸ್ಟರ್‌ಡ್ಯಾಮ್ ಯಾಕೆ ಅಂತ ಕೇಳಿದೆ. ಅಕ್ಕ "ಟುಲಿಪ್ ತೋಟ" ಅಂದಳು. ಕ್ಯೂಕೆನ್‌ಹಾಫ್ ತೋಟ ತೆರೆದಿರುವುದು ಮಾರ್ಚ್ ಕೊನೆಯ ಹೊತ್ತಿನಿಂದ ಮೇ ಮಧ್ಯದವರೆಗೆ. ಸೆಪ್ಟೆಂಬರ್‌ನಲ್ಲಿ ಹೋದರೆ ಬೀಗ. ಹಾಗೆ ಆಮ್‌ಸ್ಟರ್‌ಡ್ಯಾಮ್ ಹೋಯಿತು, ದಾರಿಯಲ್ಲಿದ್ದ ಬ್ರಸೆಲ್ಸ್ ಕೂಡ. ಪ್ರತಿ ಊರಿಗೂ ಈ 'ಯಾಕೆ' ಕೇಳಿ. ಉತ್ತರ ಒಂದು ವಾಕ್ಯದಲ್ಲಿ ಬರದಿದ್ದರೆ ಆ ಊರು ಬೇರೆಯವರ ಫೋಟೋ ನೋಡಿ ಪಟ್ಟಿಗೆ ಬಂದಿದೆ ಅಂತ ಅರ್ಥ.

ಜ್ಯೂರಿಕ್‌ಗೆ ಭಾವನ ಉತ್ತರ "ಹಿಮ, ಪರ್ವತ" ಅಂತ. ಹಾಗಾದರೆ ಜ್ಯೂರಿಕ್ ಯಾಕೆ? ಅದು ಬ್ಯಾಂಕುಗಳ ಊರು. ಅಲ್ಲಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ಲೂಸರ್ನ್ ಇದೆ. ಊರು ಸಣ್ಣದು, ಕೆರೆ ದಡದಲ್ಲೇ ಸ್ಟೇಷನ್. ಒಂದು ಕಡೆ ಪಿಲಾಟಸ್ ಬೆಟ್ಟ, ಇನ್ನೊಂದು ಕಡೆ ರಿಗಿ. ರಿಗಿ ಬೆಟ್ಟಕ್ಕೆ 1871ರಿಂದ ಹಲ್ಲುಚಕ್ರದ ರೈಲು ಹತ್ತುತ್ತಿದೆ. ಹಿಮವೇ ಬೇಕು ಅಂದರೆ ಎಂಗೆಲ್‌ಬರ್ಗ್‌ಗೆ ಮುಕ್ಕಾಲು ಗಂಟೆ ರೈಲು, ಅಲ್ಲಿಂದ ಟಿಟ್ಲಿಸ್ ಪರ್ವತಕ್ಕೆ ಕೇಬಲ್ ಕಾರ್. ದೊಡ್ಡ ಹೆಸರಿನ ಊರಿನ ಬದಲು ಅದರ ಪಕ್ಕದ ಸಣ್ಣ ಊರು ಹಿಡಿಯುವುದು ಎಷ್ಟೋ ಸಲ ಒಳ್ಳೆಯದು.

ಒಬ್ಬರಿಗೆ ಒಂದು ಊರು

ಇಷ್ಟಾದ ಮೇಲೆ ಉಳಿದದ್ದು ಪ್ಯಾರಿಸ್, ಲೂಸರ್ನ್, ವೆನಿಸ್, ಫ್ಲಾರೆನ್ಸ್, ರೋಮ್. ಇಟಲಿಯದು ಒಂದು ಜಾಸ್ತಿಯಾಯಿತು. ನಾನು ವೆನಿಸ್ ಮೇಲೆ ಪೆನ್ಸಿಲ್ ಇಟ್ಟೆ. ನನ್ನ ಚಕ್ರದ ಸಿಟ್ಟು ಇನ್ನೂ ಇತ್ತು. "ವೆನಿಸ್ ಇಲ್ಲ ಅಂದ್ರೆ ನಾನು ಬರೋದೇ ಇಲ್ಲ, ನೀವಿಬ್ರೇ ಹೋಗಿ," ಅಂದಳು ಅಕ್ಕ.

ಇಂಥ ಹೊತ್ತಿಗೆ ಒಂದು ನಿಯಮ ಇಟ್ಟುಕೊಳ್ಳಿ. ಮನೆಯ ಪ್ರತಿಯೊಬ್ಬರಿಗೂ ಒಂದು ಊರು. ಅದನ್ನು ಬೇರೆಯವರು ಪ್ರಶ್ನೆ ಮಾಡುವಂತಿಲ್ಲ. ಅಕ್ಕನಿಗೆ ವೆನಿಸ್. ಫ್ಲಾರೆನ್ಸ್‌ಗೆ ರೋಮ್‌ನಿಂದ ಒಂದೂವರೆ ಗಂಟೆಯ ರೈಲು. ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು, ಸೂಟ್‌ಕೇಸ್ ರೋಮ್‌ನಲ್ಲೇ ಇರುತ್ತದೆ. ಹೀಗೆ ಕೈಬೀಸಿಕೊಂಡು ಹೋಗಿಬರುವ ಊರನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಭಾವ ತಮ್ಮ ಪಾಲಿಗೆ ಕೇಳಿದ್ದು ಪಟ್ಟಿಯಲ್ಲಿ ಇಲ್ಲದ ಊರು: ಸ್ವಿಟ್ಜರ್ಲೆಂಡಿನ ಬಾಸೆಲ್. ಅವರು ಮಂಗಳೂರಿನವರು. ಅಜ್ಜಿ ಮನೆಯ ಹಂಚಿನ ಹಿಂದೆ ಬಾಸೆಲ್ ಮಿಷನ್ ಅಂತ ಅಚ್ಚು ಇತ್ತಂತೆ. ಮಳೆಗಾಲದ ಮೊದಲು ಹಂಚು ತಿರುವಿ ಹಾಕುವಾಗ ಅದರ ಮೇಲೆ ಬೆರಳಾಡಿಸಿ ಓದಲು ಕಲಿತದ್ದನ್ನು ಹೇಳಿದರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. 1843ರಲ್ಲಿ 'ಮಂಗಳೂರ ಸಮಾಚಾರ' ತಂದ ಮೋಗ್ಲಿಂಗ್, 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್, ಇಬ್ಬರನ್ನೂ ಕಳಿಸಿದ್ದು ಅದೇ ಮಿಷನ್. ಅದರ ಹಳೆಯ ಕಟ್ಟಡ ಬಾಸೆಲ್‌ನಲ್ಲಿ ಇನ್ನೂ ಇದೆ. ಯಾವ ಟೂರ್ ಪ್ಯಾಕೇಜಿನಲ್ಲೂ ಇದಕ್ಕಾಗಿ ಬಾಸೆಲ್‌ಗೆ ಕರೆದುಕೊಂಡು ಹೋಗುವುದಿಲ್ಲ. ಅದೃಷ್ಟಕ್ಕೆ ಊರು ನಮ್ಮ ಗೆರೆಯ ಮೇಲೆಯೇ ಇತ್ತು: ಪ್ಯಾರಿಸ್‌ನಿಂದ ಮೂರು ಗಂಟೆ, ಅಲ್ಲಿಂದ ಲೂಸರ್ನ್‌ಗೆ ಒಂದು ಗಂಟೆ. ಒಂದೇ ರಾತ್ರಿ ಬೇಡ ಅಂತ ನಾನೇ ಹೇಳಿದ್ದೆ, ಹೌದು. ಆದರೆ ಮಧ್ಯಾಹ್ನ ಇಳಿದು ಮರುದಿನ ಸಂಜೆ ಹೊರಟರೆ ಎರಡು ಅರ್ಧ ಸೇರಿ ಒಂದು ದಿನ ಆಗುತ್ತದೆ. ಮುಂದಿನ ರೈಲು ಚಿಕ್ಕದಾಗಿದ್ದರೆ ಮಾತ್ರ ಈ ಆಟ ನಡೆಯುತ್ತದೆ.

ಕೊನೆಗೆ: ಪ್ಯಾರಿಸ್ 4 ರಾತ್ರಿ, ಬಾಸೆಲ್ 1, ಲೂಸರ್ನ್ 3, ವೆನಿಸ್ 2, ರೋಮ್ 4. ಒಟ್ಟು 14.

ವಾರ ನೋಡಿ

ಮದುವೆಗೆ ಮುಹೂರ್ತ ನೋಡುವ ನಾವು ಪ್ರವಾಸಕ್ಕೆ ವಾರ ನೋಡುವುದಿಲ್ಲ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ. ಫ್ಲಾರೆನ್ಸ್‌ನ ಉಫಿಜಿ ಮ್ಯೂಸಿಯಂಗೆ ಸೋಮವಾರ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತದೆ. ತಿಂಗಳ ಕೊನೆಯ ಭಾನುವಾರ ತೆರೆದು ಬಿಟ್ಟಿ ಬಿಡುತ್ತಾರೆ, ಆದರೆ ಆ ಜಂಗುಳಿಯಲ್ಲಿ ಕಾಣುವುದು ಮುಂದಿನವರ ಬೆನ್ನು. ಸ್ವಿಟ್ಜರ್ಲೆಂಡ್‌ನಲ್ಲಿ ಭಾನುವಾರ ಅಂಗಡಿಗಳು ಹೆಚ್ಚಾಗಿ ಮುಚ್ಚಿರುತ್ತವೆ. ಅಡುಗೆಮನೆ ಇರುವ ಕೋಣೆ ಹಿಡಿದು ಅನ್ನ ಸಾರು ಮಾಡಿಕೊಳ್ಳುವವರು ಶನಿವಾರ ಸಂಜೆಯೊಳಗೆ ಸಾಮಾನು ತಂದಿಟ್ಟುಕೊಳ್ಳಬೇಕು.

ನಮ್ಮ ಪಟ್ಟಿಗೆ ವಾರ ಹಾಕಿದೆವು. ಪ್ಯಾರಿಸ್ ಶನಿವಾರದಿಂದ ಬುಧವಾರ ಬೆಳಿಗ್ಗೆವರೆಗೆ, ಲೂವ್ರ್ ಸೋಮವಾರ. ಎರಡನೇ ಭಾನುವಾರ, ಅಂಗಡಿ ಮುಚ್ಚಿದ ದಿನ, ಲೂಸರ್ನ್ ಬಿಟ್ಟು ವೆನಿಸ್‌ಗೆ. ಮಿಲಾನ್‌ನಲ್ಲಿ ಬದಲಿಸಿ ಆರು ಗಂಟೆಗೂ ಜಾಸ್ತಿ ಹಿಡಿಯುತ್ತದೆ, ಇಡೀ ಪ್ರವಾಸದಲ್ಲಿ ಇದೊಂದೇ ಉದ್ದದ ರೈಲು. ಆಲ್ಪ್ಸ್ ನೋಡೋಣ ಅಂತ ಕಿಟಕಿಗೆ ಅಂಟಿ ಕೂತರೆ ನಡುವೆ 57 ಕಿಲೋಮೀಟರ್ ಗೊಥಾರ್ಡ್ ಸುರಂಗ, ಸುಮಾರು ಇಪ್ಪತ್ತು ನಿಮಿಷ ಬರೀ ಕತ್ತಲೆ. ಬುತ್ತಿ ಬಿಚ್ಚಲು ಅದೇ ಹೊತ್ತು. ಮಂಗಳವಾರ ರೋಮ್‌ಗೆ, ಗುರುವಾರ ಫ್ಲಾರೆನ್ಸ್‌ಗೆ ಹೋಗಿಬರುವುದು, ಶನಿವಾರ ವಿಮಾನ.

ಚಳಿಗಾಲದಲ್ಲಿ ಹೋಗುವವರು ಇದರಲ್ಲೂ ಒಂದು ಊರು ಕಡಿಮೆ ಮಾಡಿ. ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ರಾತ್ರಿ ಹತ್ತರ ಹತ್ತಿರ ಸೂರ್ಯ ಮುಳುಗುತ್ತಾನೆ, ಡಿಸೆಂಬರ್‌ನಲ್ಲಿ ಐದಕ್ಕೂ ಮೊದಲು.

ರೈಲ್ ಪಾಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ದಿನಕ್ಕೊಂದು ರೈಲು ಹತ್ತುವವರಿಗೆ ಅದು ಸರಿ. ಐದಾರು ಪ್ರಯಾಣಕ್ಕೆ ಬಿಡಿ ಟಿಕೆಟ್ಟನ್ನು ಒಂದೆರಡು ತಿಂಗಳು ಮೊದಲೇ ತೆಗೆದರೆ ಸಾಮಾನ್ಯವಾಗಿ ಅಗ್ಗ. ಪಾಸ್ ಇದ್ದರೂ ಫ್ರಾನ್ಸ್, ಇಟಲಿಯ ವೇಗದ ರೈಲುಗಳಲ್ಲಿ ಸೀಟಿಗೆ ಬೇರೆ ದುಡ್ಡು ಕಟ್ಟಬೇಕು.

ಈಗ ವೀಸಾ

ಇದನ್ನು ಕೊನೆಗೆ ಇಟ್ಟಿದ್ದು ಬೇಕಂತಲೇ. ಯಾವ ದೇಶದ ವೀಸಾಕ್ಕೆ ಅರ್ಜಿ ಹಾಕಬೇಕು ಅನ್ನುವುದು ರಾತ್ರಿ ಲೆಕ್ಕ ಮುಗಿಯದೆ ಗೊತ್ತಾಗುವುದಿಲ್ಲ. ಇಳಿಯುವುದು ಪ್ಯಾರಿಸ್‌ನಲ್ಲಿ ಅಂತ ಭಾವ ಫ್ರಾನ್ಸ್ ಅರ್ಜಿ ತುಂಬಲು ಹೊರಟಿದ್ದರು. ಎಣಿಸಿ ನೋಡಿ: ಫ್ರಾನ್ಸ್ 4 ರಾತ್ರಿ, ಸ್ವಿಟ್ಜರ್ಲೆಂಡ್ 4, ಇಟಲಿ 6. ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ, ಅಂದರೆ ಇಟಲಿಗೆ. ಎಲ್ಲ ಕಡೆ ಸಮ ಬಂದರೆ ಮಾತ್ರ ಮೊದಲು ಕಾಲಿಡುವ ದೇಶ.

ದೊಡ್ಡವರಿಗೆ ಫೀಸು 90 ಯೂರೋ, ಅದರ ಮೇಲೆ ಅರ್ಜಿ ತಗೊಳ್ಳುವ ವೀಸಾ ಕೇಂದ್ರದವರ ಸೇವಾ ಶುಲ್ಕ. ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ಭರಿಸುವ ಪ್ರಯಾಣ ವಿಮೆ ಬೇಕು. ಹೊರಡುವ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ತೀರಾ ತಡ ಅಂದರೂ 15 ದಿನ ಮೊದಲು. ಆ ಹದಿನೈದನ್ನು ನಂಬಿಕೊಂಡು ಕೂರಬೇಡಿ, ರಜೆಯ ದಿನಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಹೋಟೆಲುಗಳನ್ನು ರದ್ದು ಮಾಡಲು ಅವಕಾಶ ಇರುವಂಥದ್ದೇ ಬುಕ್ ಮಾಡಿ. ಅರ್ಜಿಯ ಜೊತೆ ಕೊಡುವ ಪತ್ರದಲ್ಲಿ ತಾರೀಖು, ಊರು, ಹೋಟೆಲ್, ರೈಲು ಅಂತ ಒಂದು ಪಟ್ಟಿ ಹಾಕಿ. ಪತ್ರದಲ್ಲಿ ಆರು ರಾತ್ರಿ ಅಂತ ಬರೆದು ಬುಕ್ಕಿಂಗ್‌ನಲ್ಲಿ ಐದು ಇದ್ದರೆ ಪ್ರಶ್ನೆ ಬರುತ್ತದೆ. ಭಾವನ ಹಾಳೆಯಲ್ಲಿ ಬಾಸೆಲ್ ರಾತ್ರಿ ಎರಡು ಸಲ ಬಂದಿತ್ತು. ಅಕ್ಕ ಕಂಡುಹಿಡಿದು ಒಂದನ್ನು ಹೊಡೆದಳು.