ಚೆಕ್‌ಲಿಸ್ಟ್ ಫಾರ್ಮ್‌ನಲ್ಲಿ ಗೆರೆ ಎಲ್ಲಿ ಎಳೆಯಬೇಕು?

ಡೀಸೆಲ್ ಜನರೇಟರ್ ತಪಾಸಣೆಗೆ ಮೊಬೈಲ್‌ನಲ್ಲೇ ತುಂಬುವಂಥ ಚೆಕ್‌ಲಿಸ್ಟ್ ಮಾಡಿಕೊಡುವ ಕೆಲಸ ನನಗೆ ಬಂದಿತ್ತು. ಕಾಗದದ ಪಟ್ಟಿ ಮೊದಲೇ ಇತ್ತು. ಆಯಿಲ್, ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ), ಇಂಧನ, ಬ್ಯಾಟರಿ, ಪ್ಯಾನೆಲ್ ಅಂತ ಒಂದೊಂದಕ್ಕೂ ಬೇರೆ ಬೇರೆ ಭಾಗ. ನೋಡೋಕೆ ಅಚ್ಚುಕಟ್ಟಾಗಿತ್ತು. ಆದರೆ ಕೆಲಸ ಆ ಕ್ರಮದಲ್ಲಿ ನಡೆಯುವುದಿಲ್ಲ.

ಆಯಿಲ್ ಮಟ್ಟವನ್ನು ಡಿಪ್‌ಸ್ಟಿಕ್ (ಅಳತೆ ಕಡ್ಡಿ) ತೆಗೆದು ನೋಡುವುದು ಎಂಜಿನ್ ನಿಂತಿರುವಾಗ. ಆಯಿಲ್ ಪ್ರೆಶರ್ ಗೊತ್ತಾಗುವುದು ಎಂಜಿನ್ ಓಡುವಾಗ. ಎರಡನ್ನೂ ‘ಆಯಿಲ್’ ಅನ್ನುವ ಒಂದೇ ತಲೆಬರಹದ ಕೆಳಗೆ ಇಟ್ಟರೆ ತುಂಬುವವರು ಒಂದಕ್ಕೆ ಟಿಕ್ ಹಾಕಿ, ಇನ್ನೊಂದನ್ನು ಖಾಲಿ ಬಿಟ್ಟು, ಆಮೇಲೆ ಮತ್ತೆ ಮೇಲಕ್ಕೆ ಬರಬೇಕು. ಇಲ್ಲವೇ ಸುಮ್ನೆ ಎರಡಕ್ಕೂ ಟಿಕ್ ಹಾಕಿಬಿಡುತ್ತಾರೆ. ಹಾಗಾದರೆ ಚೆಕ್‌ಲಿಸ್ಟ್ ಇದ್ದೂ ಏನು ಪ್ರಯೋಜನ?

ಅದಕ್ಕೇ ಆ ಭಾಗಗಳನ್ನೆಲ್ಲ ತೆಗೆದು ಮೂರೇ ಇಟ್ಟೆ: ಸ್ಟಾರ್ಟ್ ಮಾಡುವ ಮುಂಚೆ, ಓಡುತ್ತಿರುವಾಗ, ನಿಲ್ಲಿಸಿದ ಮೇಲೆ. ಕೆಲಸ ಎಲ್ಲಿ ಒಂದು ಕ್ಷಣ ನಿಲ್ಲುತ್ತದೋ ಅಲ್ಲಿ ಗೆರೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸೆಯ ಸುರಕ್ಷತಾ ಚೆಕ್‌ಲಿಸ್ಟ್ ಕೂಡ ಹೀಗೇ ಇದೆ. ಅದರ 19 ಅಂಶಗಳು ಮೂರು ಹಂತದಲ್ಲಿವೆ: ಅರಿವಳಿಕೆ ಕೊಡುವ ಮುಂಚೆ, ಚರ್ಮ ಕೊಯ್ಯುವ ಮುಂಚೆ, ರೋಗಿಯನ್ನು ಆಪರೇಷನ್ ಥಿಯೇಟರ್‌ನಿಂದ ಹೊರಗೆ ಕಳಿಸುವ ಮುಂಚೆ. ಔಷಧಿಯದೊಂದು, ಉಪಕರಣದ್ದೊಂದು ಅಂತ ಭಾಗ ಮಾಡಿಲ್ಲ.

ಇನ್ನು ಗೆರೆ ಕಾಣಿಸುವ ಬಗೆ. ನಾನು ಮೊದಲು ನೋಡುವುದು ಖಾಲಿ ಜಾಗವನ್ನು. ಒಂದೇ ಗುಂಪಿನ ಪ್ರಶ್ನೆಗಳ ನಡುವೆ 8 ಪಿಕ್ಸೆಲ್, ಗುಂಪು ಮುಗಿದಾಗ 32 ಪಿಕ್ಸೆಲ್ ಬಿಟ್ಟರೆ ಮುಕ್ಕಾಲು ಕೆಲಸ ಅಲ್ಲೇ ಮುಗಿಯಿತು. ಹತ್ತಿರ ಇದ್ದದ್ದು ಒಂದೇ ಗುಂಪು ಅಂತ ಕಣ್ಣಿಗೆ ತಾನಾಗಿಯೇ ಅನಿಸುತ್ತದೆ. ಪ್ರತಿ ಪ್ರಶ್ನೆಯ ಕೆಳಗೂ ಗೆರೆ ಎಳೆಯುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಗೆರೆ ಜಾಸ್ತಿಯಾದಷ್ಟೂ ನಿಜವಾಗಿ ನಿಲ್ಲಬೇಕಾದ ಜಾಗ ಕಾಣದೆ ಹೋಗುತ್ತದೆ. ತಲೆಬರಹ ತನ್ನ ಕೆಳಗಿನ ಪ್ರಶ್ನೆಗಳಿಗೆ ಅಂಟಿಕೊಂಡಿರಬೇಕು, ಮೇಲಿನ ಗುಂಪಿನಿಂದ ದೂರ ಇರಬೇಕು. ಎರಡೂ ಕಡೆ ಸಮ ಜಾಗ ಬಿಟ್ಟರೆ ಅದು ಯಾರಿಗೆ ಸೇರಿದ್ದು ಅಂತಲೇ ತಿಳಿಯುವುದಿಲ್ಲ, ಅಲ್ವಾ?

ತೆಳು ಬೂದು ಗೆರೆ ಆಫೀಸಿನ ಪರದೆಯಲ್ಲಿ ಚೆನ್ನಾಗಿ ಕಾಣುತ್ತದೆ, ಬಿಸಿಲಿನಲ್ಲಿ ಮೊಬೈಲ್ ಹಿಡಿದರೆ ಮಾಯ. ಅಂಗವೈಕಲ್ಯ ಇರುವವರೂ ವೆಬ್ ಬಳಸುವಂತಾಗಲಿ ಅಂತ ಮಾಡಿದ ಮಾರ್ಗಸೂಚಿಗಳಲ್ಲಿ, ಮುಖ್ಯವಾದ ಚಿತ್ರಾಂಶಗಳಿಗೆ ಕನಿಷ್ಠ 3:1 ಕಾಂಟ್ರಾಸ್ಟ್ (ಹಿನ್ನೆಲೆಗೂ ಅದಕ್ಕೂ ಇರುವ ಹೊಳಪಿನ ವ್ಯತ್ಯಾಸ) ಕೇಳುತ್ತಾರೆ. ನಾನು ಗೆರೆಗೂ ಅದನ್ನೇ ಅಳತೆ ಮಾಡಿಕೊಂಡೆ. ಬರೀ ಬಣ್ಣದ ಮೇಲೆ ಭಾಗ ಮಾಡಲಿಲ್ಲ, ಬಣ್ಣ ಗುರುತಿಸಲು ಆಗದವರೂ ಇರುತ್ತಾರೆ.

ಕಣ್ಣು ಕಾಣದವರಿಗೆ ಗೆರೆ ಎಷ್ಟು ಚೆಂದ ಇದ್ದರೂ ಉಪಯೋಗವಿಲ್ಲ. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್‌ನಲ್ಲಿ ಗೆರೆ ಎಳೆಯುವ ಎಚ್‌ಆರ್ ಟ್ಯಾಗ್ ಇಲ್ಲೊಂದು ವಿಭಜನೆ ಇದೆ ಅಂತ ಮಾತ್ರ ಹೇಳುತ್ತದೆ. ಯಾವ ಪ್ರಶ್ನೆ ಯಾವ ಗುಂಪಿನದು ಅಂತ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ತಿಳಿಯಬೇಕಾದರೆ ಗುಂಪು ಮಾಡುವ ಫೀಲ್ಡ್‌ಸೆಟ್ ಮತ್ತು ಆ ಗುಂಪಿಗೆ ಹೆಸರು ಕೊಡುವ ಲೆಜೆಂಡ್ ಟ್ಯಾಗ್ ಬಳಸಬೇಕು. ಹೈಫನ್‌ಗಳನ್ನು ಸಾಲಾಗಿ ಟೈಪ್ ಮಾಡಿ ಗೆರೆ ಮಾಡುವುದಂತೂ ಬೇಡವೇ ಬೇಡ. ಸಣ್ಣ ಪರದೆಯಲ್ಲಿ ಅದು ಮುರಿದು ಎರಡು ಸಾಲಾಗುತ್ತದೆ.

ಕೋಡ್ ಬರೆಯದೆ ಗೂಗಲ್ ಫಾರ್ಮ್ಸ್‌ನಲ್ಲಿ ಮಾಡುವವರಿಗೆ ಒಂದು ಮಾತು. ಅಲ್ಲಿ ಸೆಕ್ಷನ್ ಸೇರಿಸಿದರೆ ಹೊಸ ಪುಟ ಬರುತ್ತದೆ. ಅದೇ ಪುಟದಲ್ಲಿ ಭಾಗ ಮಾಡಬೇಕಿದ್ದರೆ ಶೀರ್ಷಿಕೆ ಮತ್ತು ವಿವರಣೆ ಸೇರಿಸುವ ಆಯ್ಕೆ ಇದೆ. ನಾನಾದರೆ ‘ಸ್ಟಾರ್ಟ್ ಮಾಡುವ ಮುಂಚೆ’ ಭಾಗ ಮುಗಿದ ಕೂಡಲೇ ಹೊಸ ಪುಟವನ್ನೇ ಇಡುತ್ತೇನೆ. ಅಲ್ಲಿನ ಪ್ರಶ್ನೆಗಳನ್ನು ಕಡ್ಡಾಯ ಮಾಡಿದರೆ ಉತ್ತರಿಸದೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಮಿಕ್ಕ ಕಡೆ ಬರೀ ಶೀರ್ಷಿಕೆ ಸಾಕು.

ಕೊನೆಗೆ ಫಾರ್ಮನ್ನು ದಿನಾ ತಪಾಸಣೆ ಮಾಡುವವರ ಕೈಗೇ ಕೊಟ್ಟು ಪಕ್ಕದಲ್ಲಿ ನಿಂತೆ. ಬೆರಳು ಎಲ್ಲಿ ಮೇಲಕ್ಕೆ ವಾಪಸ್ ಹೋಗುತ್ತದೆ ಅಂತಷ್ಟೇ ನೋಡಿದೆ. ರೇಡಿಯೇಟರ್ ಮುಚ್ಚಳ ತೆಗೆದು ಕೂಲಂಟ್ ನೋಡುವ ಅಂಶವನ್ನು ನಾನು ಕೊನೆಯ ಭಾಗದಲ್ಲಿ ಇಟ್ಟಿದ್ದೆ. ಬಿಸಿ ಎಂಜಿನ್‌ನ ಮುಚ್ಚಳ ತೆಗೆದರೆ ಕುದಿಯುವ ನೀರು ಚಿಮ್ಮುತ್ತದೆ, ಅದು ಮೊದಲ ಭಾಗದಲ್ಲೇ ಇರಲಿ ಅಂದರು. ಅಲ್ಲೇ ನಿಂತು ಅದನ್ನು ಮೊದಲ ಗೆರೆಯ ಮೇಲಕ್ಕೆ ಎಳೆದಿಟ್ಟೆ.