ಇಂಗ್ಲಿಷ್ ಪೇಪರಿನ ಉದ್ದ ವಾಕ್ಯಗಳನ್ನು ನಾನು ಬಿಡಿಸುವ ರೀತಿ

ಕನ್ನಡ ಮಾಧ್ಯಮದಲ್ಲಿ ಓದಿ ಮುಂಬೈಗೆ ಬಂದವನು ನಾನು. ಡೊಂಬಿವಲಿಯಿಂದ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ಇಂಗ್ಲಿಷ್ ಪೇಪರ್ ಓದುವುದು ರೂಢಿ. ಮೊದಮೊದಲು ಬಿಡಿ ಪದಗಳೆಲ್ಲ ಗೊತ್ತಿದ್ದರೂ ವಾಕ್ಯ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಡಿಕ್ಷನರಿ ಬದಿಗಿಟ್ಟು ಕ್ರಿಯಾಪದ ಹುಡುಕಲು ಶುರು ಮಾಡಿದ ಮೇಲೆ ದಾರಿ ಸಿಕ್ಕಿತು. ಯಾರು? ಏನು ಮಾಡಿದರು? ಮೊದಲು ಇಷ್ಟು ಸಿಕ್ಕರೆ ಸಾಕು. ‘ವಿಚ್’, ‘ಅಮಿಡ್’, ‘ಡಿಸ್ಪೈಟ್’ ಅಂತ ಶುರುವಾಗುವ ತುಂಡುಗಳಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಆಮೇಲೆ ನೋಡುತ್ತೇನೆ. ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಕನ್ನಡಕ್ಕೆ ತರಲು ಹೋಗುವುದಿಲ್ಲ. ಪುಟ್ಟ ಪುಟ್ಟ ವಾಕ್ಯ ಮಾಡಿಕೊಳ್ಳುತ್ತೇನೆ.

ರಿಸರ್ವ್ ಬ್ಯಾಂಕ್ ಸುದ್ದಿಯಲ್ಲಿ ಸಣ್ಣ ಪದಗಳೇ ಮುಖ್ಯ. 2025ರ ಜೂನ್‌ನಲ್ಲಿ ರೆಪೊ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ‘ಬೈ’ 50 ಬೇಸಿಸ್ ಪಾಯಿಂಟ್, ‘ಟು’ 5.5 ಪರ್ಸೆಂಟ್ ಇಳಿಯಿತು. ‘ಬೈ’ ಅಂದರೆ ಎಷ್ಟು ಇಳಿಯಿತು, ‘ಟು’ ಅಂದರೆ ಎಲ್ಲಿಗೆ ಬಂದು ನಿಂತಿತು. 100 ಬೇಸಿಸ್ ಪಾಯಿಂಟ್ ಸೇರಿದರೆ ಶೇ 1. ಅಲ್ಲಿಗೆ ಶೇ 6 ಇದ್ದದ್ದು ಶೇ 5.5 ಆಯಿತು. ಮನೆ ಸಾಲದ ಕಂತು ಕಟ್ಟುವವರಿಗೆ ಇದು ಬೇಕೇ ಬೇಕು, ಅಲ್ವಾ?

ಹಣದುಬ್ಬರ ಇಳಿಯಿತು ಅಂತ ಬಂದಾಗ ಇನ್ನೂ ಹುಷಾರಾಗಿ ಓದಬೇಕು. ದರ ಶೇ 5ರಿಂದ ಶೇ 3ಕ್ಕೆ ಬಂದರೆ ಸಾಮಾನು ಅಗ್ಗವಾಯಿತು ಅಂತಲ್ಲ. ಬೆಲೆ ಈಗಲೂ ಏರುತ್ತಿದೆ, ಏರುವ ವೇಗ ಮಾತ್ರ ಕಡಿಮೆಯಾಗಿದೆ.

ಇದೇ ‘ಟು’ ತಲೆಬರಹದಲ್ಲಿ ಹೆಸರಿನ ಪಕ್ಕದಲ್ಲಿದ್ದು, ಅದರ ಮುಂದೆ ಕ್ರಿಯಾಪದ ಬಂದರೆ ಅರ್ಥ ಬೇರೆ. ಆ ಕೆಲಸ ಇನ್ನೂ ಆಗಿಲ್ಲ, ಮುಂದೆ ಆಗಬೇಕು.

ರಾಜಕೀಯ ಸುದ್ದಿಯಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ‘ಹ್ಯಾಡ್’ನಿಂದ ಶುರುವಾಗುವ ವಾಕ್ಯ. ನೋಡಲು ನಡೆದ ಸಂಗತಿಯಂತೆ ಕಾಣುತ್ತದೆ, ಆದರೆ ಅದು ನಡೆಯದೇ ಹೋದದ್ದು. ಆಗ ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಉದ್ಧವ್ ಠಾಕ್ರೆ 2022ರ ಜೂನ್‌ 29ರಂದು ವಿಶ್ವಾಸಮತ ಎದುರಿಸದೆ ರಾಜೀನಾಮೆ ಕೊಟ್ಟರು. 2023ರ ಮೇ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ರಾಜೀನಾಮೆ ಕೊಡದೆ ಇದ್ದಿದ್ದರೆ ಅವರ ಸರ್ಕಾರವನ್ನು ಮರಳಿ ತರುವ ವಿಚಾರ ಮಾಡಬಹುದಿತ್ತು ಎಂದಿತು. ಇದನ್ನೇ ಇಂಗ್ಲಿಷ್‌ನಲ್ಲಿ ‘ಹ್ಯಾಡ್’ನಿಂದ ಶುರು ಮಾಡಿ ಬರೆದಾಗ, ಅವಸರದಲ್ಲಿ ಓದಿದವರಿಗೆ ಕೋರ್ಟ್ ಸರ್ಕಾರವನ್ನು ಮರಳಿ ತಂದೇಬಿಟ್ಟಿತು ಅನ್ನಿಸಬಹುದು. ಇಂಥ ವಾಕ್ಯ ಬಂದರೆ ಪೇಪರಿನ ಅಂಚಿನಲ್ಲಿ ಎರಡು ಸಾಲು ಬರೆಯುತ್ತೇನೆ. ಆದದ್ದು: ರಾಜೀನಾಮೆ. ಆಗದೇ ಇದ್ದದ್ದು: ಹಳೆ ಸರ್ಕಾರ ಮರಳಿ ಬರುವುದು.