ಸೀತಾ ನದಿಯ ಇಳಿತದಲ್ಲಿ ವಲಸೆ ಹಕ್ಕಿಗಳ ಜೊತೆ

ಉಡುಪಿ ಜಿಲ್ಲೆ ಸಾಲಿಗ್ರಾಮದ ಪಾರಂಪಳ್ಳಿ ಕಡೆ ಕಯಾಕ್ ಏರುವವರು ಜಾಸ್ತಿ ಬರುವುದು ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಲಿಕ್ಕೆ. ನಾನು ಹೋಗುವುದು ಹಕ್ಕಿಗೆ. ನವರಾತ್ರಿಯಿಂದ ದೀಪಾವಳಿವರೆಗೆ ಒಳ್ಳೆ ಸಮಯ. ಮಳೆನೀರಿನ ಸೆಳೆತ ತಗ್ಗಿರುತ್ತದೆ, ಹಿಮಾಲಯದಾಚೆಯಿಂದ ಬಂದವು ಇಲ್ಲಿ ಇಳಿದಿರುತ್ತವೆ.

ಮೊದಲು ನೋಡಬೇಕಾದದ್ದು ಹಕ್ಕಿಯನ್ನಲ್ಲ, ನೀರನ್ನು. ಭರತ, ಅಂದರೆ ಕಡಲ ಉಬ್ಬರ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹೋದ ಭಾನುವಾರ ತುಂಬಿದ್ದ ಹೊತ್ತಿಗೆ ಈ ಭಾನುವಾರ ಹೆಚ್ಚುಕಮ್ಮಿ ಇಳಿತ. ನೀರು ತುಂಬಿದಾಗ ಹಕ್ಕಿಗಳು ಎಲ್ಲೋ ಮರಳದಿಬ್ಬದ ಮೇಲೆ ಸುಮ್ನೆ ನಿಂತಿರುತ್ತವೆ. ಇಳಿಯಲು ಶುರುವಾಗಿ ಒಂದೆರಡು ಗಂಟೆಗೆ ಕುದ್ರುಗಳ (ನದಿ ನಡುವಿನ ದ್ವೀಪಗಳ) ಅಂಚಿನ ಕೆಸರು ಮೇಲೆ ಬರುತ್ತದೆ, ಪಂಕ್ತಿಗೆ ಎಲೆ ಹಾಕಿದ ಹಾಗೆ. ಆಗ ಎಲ್ಲ ಹಾಜರ್.

ಮೈಯಲ್ಲಿ ಕಸುವಿರುವಾಗಲೇ ಹುಟ್ಟು ಹಾಕಿ ಮೇಲಕ್ಕೆ ಹೋಗುತ್ತೇನೆ. ಆಮೇಲೆ ಹುಟ್ಟನ್ನು ತೊಡೆ ಮೇಲಿಟ್ಟು, ಕಯಾಕ್ ಅಡ್ಡಲಾಗಿ ತೇಲಿ ಬರಲು ಬಿಡುವುದು. ಮೂತಿ ನೇರ ಹಕ್ಕಿಯತ್ತ ತಿರುಗಿತೋ, ಹಾರಿತು. ಅಡ್ಡ ತೇಲಿದರೆ ಎಷ್ಟೋ ಸಲ ತಲೆ ಎತ್ತಿಯೂ ನೋಡುವುದಿಲ್ಲ. ಅಷ್ಟು ದೂರದಿಂದ ಬಂದು ಹೊಟ್ಟೆಗೆ ತಿನ್ನುತ್ತಿರುವುದನ್ನು ಫೋಟೋಕ್ಕೋಸ್ಕರ ಎಬ್ಬಿಸುವುದು ಅನ್ಯಾಯ ಅಲ್ವಾ?

ಹೀಗೆ ತೇಲುವಾಗ ಒಂದು ವಿಂಬ್ರೆಲ್ ಸಿಕ್ಕಿತ್ತು. ತಲೆ ಮೇಲೆ ಪಟ್ಟೆ, ತುದಿ ಬಾಗಿದ ಕೊಕ್ಕು. ಬಿಲದಿಂದ ಏಡಿ ಎಳೆದು ಜೋರಾಗಿ ಕೊಡವಿತು. ಕೊಂಬು ಒಂದು ಕಡೆ, ಕಾಲು ಇನ್ನೊಂದು ಕಡೆ ಹಾರಿತು. ಉಳಿದದ್ದು ಗುಳುಂ! ಕರ್ಲ್ಯೂ ಇದಕ್ಕಿಂತ ದೊಡ್ಡದು, ಕೊಕ್ಕೂ ಉದ್ದ, ತಲೆಯಲ್ಲಿ ಅಂಥ ಪಟ್ಟೆ ಇಲ್ಲ. ಬಾಲ ಕುಣಿಸುತ್ತಾ ನೀರಂಚಲ್ಲಿ ಓಡಾಡುವ ಚಿಕ್ಕದು ಕಾಮನ್ ಸ್ಯಾಂಡ್‌ಪೈಪರ್. ಅದು ಸೋಣ ತಿಂಗಳಲ್ಲೇ (ಆಗಸ್ಟ್-ಸೆಪ್ಟೆಂಬರ್) ಬಂದುಬಿಡುತ್ತದೆ.

ಬೈನಾಕ್ಯುಲರ್ 8x42 ಸಾಕು, ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು. 10 ಪಟ್ಟಿನದ್ದು ದೋಣಿಯ ಅಲುಗಾಟವನ್ನೂ ದೊಡ್ಡದು ಮಾಡುತ್ತದೆ. ಲೈಫ್ ಜಾಕೆಟ್ ಬಿಚ್ಚಲೇಬೇಡಿ. ಕೆಸರಿಗೆ ಕಾಲಿಡಬೇಡಿ, ಹೂತರೆ ಕಷ್ಟ.

ಕೋಡಿಬೆಂಗ್ರೆಯ ಅಳಿವೆ ಕಡೆಗೆ ಮಾತ್ರ ಇಳಿತದಲ್ಲಿ ಹೋಗುವುದೇ ಬೇಡ. ಸೀತಾ, ಸ್ವರ್ಣಾ ಎರಡರ ನೀರೂ ಅಲ್ಲೇ ಕಡಲಿಗೆ ನುಗ್ಗುವುದು. "ಹಕ್ಕಿ ಕಾಂಬುಕ್ ಬಂದದ್ದಾ ಮಾರ್ರೆ?" ಎಂದು ಬಲೆ ಬಿಡುವವರು ಯಾರಾದರೂ ಕೇಳಿದರೆ ನಿಂತು ಮಾತಾಡಿ. ಇವತ್ತು ಯಾವ ದಿಬ್ಬ ಎದ್ದಿದೆ, ಬಲೆ ಎಲ್ಲಿದೆ ಎನ್ನುವುದು ಅವರಿಗೇ ಗೊತ್ತು.